ವೆಂಡೆಲ್ ಸ್ಕಾಟ್‌ಗೆ ಟ್ರೋಫಿ ಸಂದಿತು, ಬಾಕಿ ಹಾಗೇ ಉಳಿಯಿತು

2025ರ ಜುಲೈ 27ರಂದು ಇಂಡಿಯಾನಾಪೊಲಿಸ್‌ನಲ್ಲಿ ಬಬ್ಬಾ ವಾಲೇಸ್ ಬ್ರಿಕ್‌ಯಾರ್ಡ್ 400 ಎಂಬ ಕಾರು ರೇಸ್ ಗೆದ್ದ. 1909ರಲ್ಲಿ ಶುರುವಾದ ಆ ಓವಲ್ ಟ್ರ್ಯಾಕಿನಲ್ಲಿ ಕಪ್ಪು ಜನಾಂಗದ ಚಾಲಕನೊಬ್ಬ ದೊಡ್ಡ ರೇಸೊಂದನ್ನು ಗೆದ್ದದ್ದು ಅದೇ ಮೊದಲು. ವಾಲೇಸ್ ಏನಾದರೂ ಗೆದ್ದನೆಂದರೆ ಸುದ್ದಿಯ ಮೂರನೆಯ ಅಥವಾ ನಾಲ್ಕನೆಯ ಪ್ಯಾರಾದಲ್ಲಿ ವೆಂಡೆಲ್ ಸ್ಕಾಟ್ ಹೆಸರು ಬರಲೇಬೇಕು ಎಂಬಂತಾಗಿದೆ. ಅಮೆರಿಕದ ನ್ಯಾಸ್ಕಾರ್ ರೇಸಿಂಗ್‌ನ ಅತ್ಯುನ್ನತ ಸರಣಿಯಲ್ಲಿ ವಾಲೇಸ್‌ಗಿಂತ ಮೊದಲು ಗೆದ್ದ ಒಬ್ಬನೇ ಒಬ್ಬ ಕಪ್ಪು ಚಾಲಕ ಸ್ಕಾಟ್. ಗೆದ್ದದ್ದು 1963ರ ಡಿಸೆಂಬರ್ 1ರಂದು. ಆ ಗೆಲುವಿನ ಟ್ರೋಫಿಯನ್ನು ನ್ಯಾಸ್ಕಾರ್ ಅವನ ಕುಟುಂಬಕ್ಕೆ ಕೊಟ್ಟದ್ದು 2021ರ ಆಗಸ್ಟ್ 28ರಂದು, ಡೇಟೋನಾದಲ್ಲಿ. ಮರುದಿನಕ್ಕೆ ಸ್ಕಾಟ್ ಹುಟ್ಟಿ ಸರಿಯಾಗಿ ನೂರು ವರ್ಷ. ಸತ್ತು ಮೂವತ್ತು ವರ್ಷ ಕಳೆದಿತ್ತು.

ಸುದ್ದಿಮನೆಗಳಿಗೆ ಈ ಟ್ರೋಫಿ ಕಥೆ ಬಲು ಇಷ್ಟ. ಅನ್ಯಾಯವಾಯಿತು, ತಡವಾಗಿಯಾದರೂ ಸರಿಪಡಿಸಿದರು, ಕುಟುಂಬ ಕಣ್ಣೊರೆಸಿಕೊಂಡಿತು, ಮುಗಿಯಿತು. ನನಗೆ ತಕರಾರಿರುವುದು ಆ 'ಮುಗಿಯಿತು' ಎಂಬಲ್ಲೇ. ಸ್ಕಾಟ್‌ಗೆ ಆದ ನಷ್ಟದಲ್ಲಿ ಟ್ರೋಫಿಯದ್ದು ತೀರ ಸಣ್ಣ ಪಾಲು. ವಾಪಸು ಕೊಡಲು ಬಹಳ ಸುಲಭವಾದದ್ದೂ ಅದೇ. ದೊಡ್ಡ ನಷ್ಟ ಏನೆಂದು ತಿಳಿಯಬೇಕಾದರೆ ಆ ಕಾಲದಲ್ಲಿ ರೇಸಿಂಗ್ ದುಡ್ಡು ಯಾವ ದಾರಿಯಲ್ಲಿ ಹರಿಯುತ್ತಿತ್ತು ಎಂದು ನೋಡಬೇಕು.

ನ್ಯಾಸ್ಕಾರ್ ಬಗ್ಗೆ ಎರಡು ಮಾತು. ಫಾರ್ಮುಲಾ ಒನ್ ನೋಡುವ ನಮ್ಮ ಓದುಗರಿಗೆ ಇದು ಬೇರೆಯೇ ಜಗತ್ತು. ಅಂಗಡಿಯಲ್ಲಿ ಸಿಗುವಂಥ ಕಾರಿನ ಆಕಾರ, ಗುಂಡಗಿನ ಟ್ರ್ಯಾಕು, ನೂರಾರು ಸುತ್ತು. ಇದರ ಬೇರು ಅಮೆರಿಕದ ದಕ್ಷಿಣ ರಾಜ್ಯಗಳ ಕಳ್ಳಭಟ್ಟಿ ದಂಧೆಯಲ್ಲಿದೆ. ಪೊಲೀಸರ ಕೈಗೆ ಸಿಗದಂತೆ ರಾತ್ರಿ ಗುಡ್ಡದ ರಸ್ತೆಗಳಲ್ಲಿ ಸಾರಾಯಿ ಸಾಗಿಸುತ್ತಿದ್ದವರು ಇಂಜಿನ್ ಬಲಪಡಿಸುವುದನ್ನೂ ತಿರುವಿನಲ್ಲಿ ಕಾರು ಹಿಡಿತದಲ್ಲಿಡುವುದನ್ನೂ ಕಲಿತರು, ಆಮೇಲೆ ತಮ್ಮತಮ್ಮಲ್ಲೇ ಪಂದ್ಯ ಕಟ್ಟಿದರು. ಈ ಚದುರಿದ ಪಂದ್ಯಗಳನ್ನೆಲ್ಲ ಒಂದು ನಿಯಮದಡಿ ತಂದು 1948ರಲ್ಲಿ ನ್ಯಾಸ್ಕಾರ್ ಕಟ್ಟಿದವನು ಬಿಲ್ ಫ್ರಾನ್ಸ್. ಸಂಸ್ಥೆ ಇವತ್ತಿಗೂ ಫ್ರಾನ್ಸ್ ಕುಟುಂಬದ ಖಾಸಗಿ ಆಸ್ತಿ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸ್ಕಾಟ್ ಹುಟ್ಟಿದ್ದು 1921ರಲ್ಲಿ, ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ. ಅಂತರ್ಯುದ್ಧದ ಕೊನೆಯ ದಿನಗಳಲ್ಲಿ ಒಂದು ವಾರದ ಮಟ್ಟಿಗೆ ದಕ್ಷಿಣದವರ ರಾಜಧಾನಿಯಾಗಿದ್ದ ಊರು ಅದು. ಊರಲ್ಲಿದ್ದ ಕೆಲಸ ಎರಡೇ: ಹತ್ತಿ ಗಿರಣಿ, ಇಲ್ಲವೇ ತಂಬಾಕು. ಎರಡೂ ಕಡೆ ತಲೆಯ ಮೇಲೊಬ್ಬ ಬಿಳಿಯ ಯಜಮಾನ. ಕಾರು ರಿಪೇರಿ ಬಲ್ಲ ಅಪ್ಪನಿಂದ ಕಸುಬು ಕಲಿತ ಸ್ಕಾಟ್ ಗಿರಣಿ ಮೆಟ್ಟಿಲು ಹತ್ತಲಿಲ್ಲ. ಟ್ಯಾಕ್ಸಿ ಓಡಿಸಿದ, ಎರಡನೇ ಮಹಾಯುದ್ಧದಲ್ಲಿ ಕಪ್ಪು ಸೈನಿಕರಿಗೆಂದೇ ಬೇರೆ ಮಾಡಿಟ್ಟಿದ್ದ ಪಡೆಯಲ್ಲಿ ದುಡಿದ, ವಾಪಸು ಬಂದು ಗ್ಯಾರೇಜು ತೆರೆದ. ಸಂಸಾರ ದೊಡ್ಡದು, ಗ್ಯಾರೇಜಿನ ಆದಾಯ ಸಾಲದು. ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸಿದ. ಸಿಕ್ಕಿಬಿದ್ದದ್ದು ಒಮ್ಮೆ ಮಾತ್ರ, 1949ರಲ್ಲಿ.

ರೇಸಿಗೆ ಇಳಿದ ಕಥೆಯಂತೂ ಸ್ವಾರಸ್ಯದ್ದು. 1952ರಲ್ಲಿ ಡ್ಯಾನ್‌ವಿಲ್ ಜಾತ್ರೆ ಮೈದಾನದ ಟ್ರ್ಯಾಕಿನಲ್ಲಿ ರೇಸ್ ನಡೆಸುತ್ತಿದ್ದವರಿಗೆ ಜನ ಸೇರುತ್ತಿರಲಿಲ್ಲ. ಒಬ್ಬ ಕಪ್ಪು ಚಾಲಕನನ್ನು ಇಳಿಸಿದರೆ ತಮಾಷೆ ನೋಡಲಿಕ್ಕಾದರೂ ಟಿಕೆಟ್ ಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದರು. ಅಂಥವನು ಯಾರಿದ್ದಾನೆಂದು ವಿಚಾರಿಸಲು ಹೋದದ್ದು ಪೊಲೀಸರ ಹತ್ತಿರ. ಬೆನ್ನಟ್ಟಿ ಬೆನ್ನಟ್ಟಿ ಸೋತಿದ್ದ ಪೊಲೀಸರಿಗಿಂತ ಪ್ರಾಮಾಣಿಕ ತೀರ್ಪುಗಾರರು ಬೇರೆ ಯಾರು? ಅವರು ಹೇಳಿದ ಹೆಸರು ಸ್ಕಾಟ್. ಮೇ 23ರಂದು ಮೊದಲ ರೇಸ್, ಕೆಲವೇ ದಿನಗಳಲ್ಲಿ ಲಿಂಚ್‌ಬರ್ಗ್‌ನಲ್ಲಿ ಮೊದಲ ಗೆಲುವು.

ಇದೆಲ್ಲ ಸ್ಥಳೀಯ ಮಟ್ಟದ ಪಂದ್ಯ. ನ್ಯಾಸ್ಕಾರ್ ರೇಸೊಂದಕ್ಕೆಂದು ಕಾರು ಎಳೆದುಕೊಂಡು ವಿನ್ಸ್ಟನ್-ಸೇಲಂಗೆ ಹೋದರೆ ಗೇಟಿನಲ್ಲೇ ತಡೆದರು. ಕಾರು ಓಡಬಹುದು, ಸ್ಟೀರಿಂಗ್ ಮುಂದೆ ಬಿಳಿಯನನ್ನು ಕೂರಿಸು ಎಂದರು. ಆಮೇಲೆ ರಿಚ್‌ಮಂಡ್‌ನಲ್ಲಿ ಒಬ್ಬ ಅಧಿಕಾರಿ ಧೈರ್ಯ ಮಾಡಿ ಲೈಸೆನ್ಸ್ ಕೊಟ್ಟ. ಕೆಳಗಿನ ದರ್ಜೆಯ ರೇಸ್‌ಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ, 1959ರಲ್ಲಿ ವರ್ಜೀನಿಯಾ ರಾಜ್ಯದ ಸ್ಪೋರ್ಟ್ಸ್‌ಮನ್ ಚಾಂಪಿಯನ್ ಆಗಿ, ಅತ್ಯುನ್ನತ ದರ್ಜೆಯಾದ ಗ್ರ್ಯಾಂಡ್ ನ್ಯಾಷನಲ್‌ಗೆ ಕಾಲಿಟ್ಟದ್ದು 1961ರ ಮಾರ್ಚ್ 4ರಂದು, ಸೌತ್ ಕೆರೊಲೈನಾದ ಸ್ಪಾರ್ಟನ್‌ಬರ್ಗ್‌ನಲ್ಲಿ. ಆಗ ಅವನಿಗೆ 39 ವರ್ಷ.

ಈಗ 1963ರ ಆ ಗೆಲುವು ನಡೆದ ಜಾಕ್ಸನ್‌ವಿಲ್.

ಫ್ಲೋರಿಡಾದ ಸ್ಪೀಡ್‌ವೇ ಪಾರ್ಕ್ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು. 200 ಸುತ್ತು, 100 ಮೈಲಿ, ಗೆದ್ದವನಿಗೆ 1,000 ಡಾಲರ್. ಸ್ಕಾಟ್ ಕಾರು 1962ರ ಷೆವ್ರೊಲೆ, ನೆಡ್ ಜ್ಯಾರೆಟ್ ಎಂಬ ಇನ್ನೊಬ್ಬ ಚಾಲಕನಿಂದ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು, ಬಾಗಿಲ ಮೇಲೆ 34 ಎಂಬ ಸಂಖ್ಯೆ. ಇನ್ನು 25 ಸುತ್ತು ಇದೆ ಎನ್ನುವಾಗ ಮುಂದಿದ್ದ ರಿಚರ್ಡ್ ಪೆಟ್ಟಿಯ ಕಾರು ಕುಂಟತೊಡಗಿತು, ಸ್ಕಾಟ್ ದಾಟಿ ಹೋದ. ಅಲ್ಲಿಂದ ಅವನನ್ನು ಯಾರೂ ಹಿಡಿಯಲಿಲ್ಲ. ಆದರೆ ಗೆಲುವಿನ ಚೌಕುಳಿ ಬಾವುಟ ಬಿದ್ದದ್ದು ಬಕ್ ಬೇಕರ್‌ಗೆ. ವಿಕ್ಟರಿ ಲೇನಿಗೆ ಕಾರು ಒಯ್ದು ಟ್ರೋಫಿ ಹಿಡಿದು ಫೋಟೋಗೆ ನಿಂತವನೂ ಬೇಕರ್. ಎರಡು ತಾಸು ಕಳೆದು, ಪ್ರೇಕ್ಷಕರು ಮನೆ ಸೇರಿದ ಮೇಲೆ ಅಧಿಕಾರಿಗಳು ಒಪ್ಪಿಕೊಂಡರು: ಗೆದ್ದದ್ದು ಸ್ಕಾಟ್, ಅದೂ ಎರಡು ಸುತ್ತುಗಳ ಅಂತರದಿಂದ. ಟ್ರೋಫಿ ಅಷ್ಟರಲ್ಲಿ ಬೇಕರ್ ಜತೆ ಹೊರಟುಹೋಗಿತ್ತು. ಆಮೇಲೆ ಸ್ಕಾಟ್ ಕೈಗೆ ಕೊಟ್ಟದ್ದು ಹೆಸರೂ ಕೆತ್ತದ ಒಂದು ಮರದ ತುಂಡು ಎಂದು ಮನೆಯವರು ಹೇಳುತ್ತಲೇ ಬಂದರು.

ಅಧಿಕೃತ ವಿವರಣೆ ಏನೆಂದರೆ, ಎಣಿಕೆಯಲ್ಲಿ ತಪ್ಪಾಯಿತು. ಈ ವಾದವನ್ನು ನೇರವಾಗಿ ತಳ್ಳಿಹಾಕಲು ಬರುವುದಿಲ್ಲ. ಆಗ ಸುತ್ತು ಎಣಿಸುವ ಎಲೆಕ್ಟ್ರಾನಿಕ್ ಸೆನ್ಸರ್ ಇರಲಿಲ್ಲ. ಒಂದೊಂದು ಕಾರಿಗೆ ಒಬ್ಬೊಬ್ಬ ಎಣಿಕೆಯವನು, ಕಾರು ಎದುರಿಗೆ ಹಾಯ್ದಾಗಲೆಲ್ಲ ಗಡಿಯಾರ ನೋಡಿ ಕಾರ್ಡಿನಲ್ಲಿ ಸಮಯ ಗುರುತು ಹಾಕಬೇಕು. ಕೆಂಧೂಳಿನಲ್ಲಿ ಸಂಖ್ಯೆ ಕಾಣದೆ ಒಂದು ಗೆರೆ ತಪ್ಪಿದರೆ ಒಂದು ಸುತ್ತೇ ಮಾಯ. ಇಂಥ ಗೊಂದಲಗಳು ಎಷ್ಟೋ ಆಗಿವೆ. 1959ರ ಮೊದಲ ಡೇಟೋನಾ 500ರಲ್ಲಿ ಜಾನಿ ಬೋಚಂಪ್ ಗೆದ್ದನೆಂದು ಘೋಷಿಸಿ, ಮೂರು ದಿನದ ಮೇಲೆ ಇಲ್ಲ, ಲೀ ಪೆಟ್ಟಿ ಎಂದು ತಿದ್ದಿದರು.

ಆದರೆ ಆ ಎರಡು ತಿದ್ದುಪಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡೇಟೋನಾದಲ್ಲಿ ಅಂತರ ಅಡಿಗಳಲ್ಲಿತ್ತು, ಜಾಕ್ಸನ್‌ವಿಲ್‌ನಲ್ಲಿ ಒಂದು ಇಡೀ ಮೈಲಿ. ಡೇಟೋನಾದಲ್ಲಿ ಬಿಲ್ ಫ್ರಾನ್ಸ್ ಖುದ್ದಾಗಿ ನಿಂತು ಫೋಟೋ, ಸುದ್ದಿಚಿತ್ರಗಳ ರೀಲು ತರಿಸಿ ನೋಡಿದ, ತೀರ್ಪು ದೇಶಕ್ಕೆಲ್ಲ ಗೊತ್ತಾಗುವಂತೆ ಘೋಷಿಸಿದ. ಜಾಕ್ಸನ್‌ವಿಲ್‌ನಲ್ಲಿ ಖಾಲಿ ಗ್ಯಾಲರಿಯ ಎದುರು ಮೆಲ್ಲಗೆ ಹೇಳಿ ಕೈತೊಳೆದುಕೊಂಡರು. ತಪ್ಪು ಎಣಿಕೆಯವನದೇ ಇರಬಹುದು. ಅದನ್ನು ತಿದ್ದಿದ ರೀತಿ ಮಾತ್ರ ಸಂಸ್ಥೆಯದು.

ಸ್ಕಾಟ್ ಸಾಯುವವರೆಗೂ ಹೇಳಿದ ಕಾರಣ ಬೇರೆ. ಗೆದ್ದವನಿಗೆ ವಿಕ್ಟರಿ ಲೇನಿನಲ್ಲಿ ಒಬ್ಬ ಸುಂದರಿ ಮುತ್ತು ಕೊಡುವುದು ಆಗಿನ ರೂಢಿ. ಆ ಹುಡುಗಿ ಬಿಳಿಯಳು. ತಾನು ಗೆದ್ದದ್ದು ಎಲ್ಲರಿಗೂ ಗೊತ್ತಿತ್ತು, ಸಾವಿರಾರು ಜನರ ಎದುರು ಆ ದೃಶ್ಯ ನಡೆಯುವುದು ಬೇಡವಾಗಿತ್ತು ಎಂಬುದು ಅವನ ನಂಬಿಕೆ. ಅತಿರೇಕ ಅನ್ನಿಸಿದರೆ ಕಾಲ ನೋಡಿ. ಆಗ ಫ್ಲೋರಿಡಾದಲ್ಲೂ ವರ್ಜೀನಿಯಾದಲ್ಲೂ ಕಪ್ಪು-ಬಿಳಿ ಮದುವೆ ಕಾನೂನುಬಾಹಿರ. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು 1967ರಲ್ಲಿ. ಜಾಕ್ಸನ್‌ವಿಲ್ ರೇಸ್ ನಡೆದ 1963ರಲ್ಲೇ, ಜೂನ್ 10ರಂದು, ಸ್ಕಾಟ್‌ನ ಊರು ಡ್ಯಾನ್‌ವಿಲ್‌ನಲ್ಲೇ ನಾಗರಿಕ ಹಕ್ಕು ಕೇಳಿದವರ ಮೇಲೆ ಪೊಲೀಸರು ಲಾಠಿ ಬೀಸಿ, ನೀರಿನ ಕೊಳವೆ ತಿರುಗಿಸಿ ರಕ್ತ ಹರಿಸಿದ್ದರು. ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಂ ಚರ್ಚಿನ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾಗಿದ್ದರು. ಕೆನಡಿ ಹತ್ಯೆಯಾಗಿ ಆಗಿನ್ನೂ ಒಂಬತ್ತು ದಿನ.

ಇಷ್ಟರವರೆಗಿನದು ಅವಮಾನದ ಕಥೆ. ದುಡ್ಡಿನ ಕಥೆ ಇನ್ನೂ ಇದೆ.

1960ರ ದಶಕದ ನ್ಯಾಸ್ಕಾರ್‌ನಲ್ಲಿ ಎರಡು ಜಾತಿ. ಒಂದು ಕಾರ್ಖಾನೆ ಬೆಂಬಲದ ತಂಡಗಳು. ಭಾನುವಾರ ಗೆದ್ದ ಕಾರು ಸೋಮವಾರ ಬಿಕರಿಯಾಗುತ್ತದೆ ಎಂಬುದು ಕಾರು ಕಂಪನಿಗಳ ಊರಾದ ಡೆಟ್ರಾಯಿಟ್‌ನ ಮಾತು. ಅದಕ್ಕೆಂದೇ ಫೋರ್ಡ್, ಕ್ರೈಸ್ಲರ್ ಕಂಪನಿಗಳು ಇಂಜಿನ್, ಟೈರು, ಮೆಕ್ಯಾನಿಕ್, ಸಂಬಳ ಎಲ್ಲ ಕೊಡುತ್ತಿದ್ದವು. ಇನ್ನೊಂದು ಸ್ವತಂತ್ರರದು. ಸ್ವಂತ ಕಾರು, ಸ್ವಂತ ಟ್ರಕ್ಕು, ಸ್ವಂತ ಸಾಲ. 1963ರಲ್ಲಿ ಫೋರ್ಡ್ ಬೆಂಬಲದ ಫ್ರೆಡ್ ಲೊರೆನ್ಜೆನ್ ಒಂದೇ ವರ್ಷದಲ್ಲಿ ಲಕ್ಷ ಡಾಲರ್ ದಾಟಿದ ಮೊದಲ ಚಾಲಕನಾದ. ಅದೇ ವರ್ಷ ಸ್ಕಾಟ್ ದೊಡ್ಡ ತಂಡಗಳು ಬಿಸಾಡಿದ ಟೈರು ಕೊಂಡು ಓಡಿಸುತ್ತಿದ್ದ. ರೇಸಿನ ನಡುವೆ ಟೈರು ಬದಲಿಸಿ ಪೆಟ್ರೋಲ್ ತುಂಬುವ ಪಿಟ್ಟಿನಲ್ಲಿ ಗಂಡುಮಕ್ಕಳು ಫ್ರಾಂಕ್ ಮತ್ತು ವೆಂಡೆಲ್ ಜೂನಿಯರ್. ಜನ ಸಾಲದ ದಿನ ಕಾರು ನಿಲ್ಲಿಸಿ, ತಾನೇ ಇಳಿದು ಕೆಲಸ ಮುಗಿಸಿ ಮತ್ತೆ ಹತ್ತುತ್ತಿದ್ದ. ದಾರಿಯಲ್ಲಿ ಹೋಟೆಲಿನವರು ಒಳಗೆ ಬಿಡದಿದ್ದರೆ ಊಟ, ನಿದ್ದೆ ಎರಡೂ ವಾಹನದಲ್ಲೇ.

ಸ್ವತಂತ್ರ ಚಾಲಕನ ಗಣಿತ ವಿಚಿತ್ರದ್ದು. ಗೆಲ್ಲಲು ಹೋಗಿ ಇಂಜಿನ್ ಸುಟ್ಟರೆ ಮುಂದಿನ ವಾರ ರೇಸಿಲ್ಲ. ಹಾಗಾಗಿ ಪೂರ್ತಿ ವೇಗಕ್ಕೆ ಹೋಗದೆ, ಮುಂದಿನವರು ಕೆಟ್ಟು ನಿಲ್ಲುವುದನ್ನು ಕಾಯುತ್ತ, ಹತ್ತರೊಳಗೆ ಮುಗಿಸಿ ಬಂದ ದುಡ್ಡಿನಲ್ಲಿ ಮುಂದಿನೂರಿಗೆ ಹೋಗಬೇಕು. ಸ್ಕಾಟ್‌ನ ಅಂಕಿಗಳನ್ನು ಈ ಕಣ್ಣಿನಲ್ಲಿ ಓದಬೇಕು: 495 ರೇಸ್, ಗೆಲುವು 1, ಮೊದಲ ಐದರಲ್ಲಿ 20 ಸಲ, ಮೊದಲ ಹತ್ತರಲ್ಲಿ 147 ಸಲ. 1966ರಲ್ಲಿ ಇಡೀ ವರ್ಷದ ಪಟ್ಟಿಯಲ್ಲಿ ಆರನೇ ಸ್ಥಾನ. ಮುಂದಿನ ಮೂರು ವರ್ಷವೂ ಹತ್ತರೊಳಗೆ. 'ಒಂದೇ ಒಂದು ಗೆಲುವು' ಎಂದು ಮೂಗು ಮುರಿಯುವವರು ಆ 147ನ್ನು ಒಮ್ಮೆ ನೋಡಲಿ. ಸುಮಾರು ಮೂರು ರೇಸಿಗೊಂದರಂತೆ, ಹಳೆ ಕಾರಿನಲ್ಲಿ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಬಡತನ ಸ್ಕಾಟ್ ಒಬ್ಬನದೇ ಆಗಿರಲಿಲ್ಲ. ಜೆ.ಡಿ. ಮಕ್‌ಡಫಿ ಎಂಬ ಬಿಳಿಯ ಸ್ವತಂತ್ರ ಚಾಲಕ 653 ರೇಸ್ ಓಡಿಸಿ ಒಂದೂ ಗೆಲ್ಲದೆ 1991ರಲ್ಲಿ ಟ್ರ್ಯಾಕಿನಲ್ಲೇ ಸತ್ತ. ಹಾಗಾದರೆ ಬಣ್ಣದ ಪಾತ್ರವೆಷ್ಟು?

ಉತ್ತರ ಸ್ಪಾರ್ಟನ್‌ಬರ್ಗ್‌ನಲ್ಲೇ ಸಿಗುತ್ತದೆ ಎಂದು ನನ್ನ ಅಭಿಪ್ರಾಯ. ಸ್ಕಾಟ್ ಮೊದಲ ಗ್ರ್ಯಾಂಡ್ ನ್ಯಾಷನಲ್ ರೇಸ್ ಓಡಿಸಿದ ಆ ಊರಿನ ಹುಡುಗ ಡೇವಿಡ್ ಪಿಯರ್ಸನ್. 1960ರಲ್ಲಿ ಅವನೂ ಸ್ವಂತ ಕಾರಿನ ಸ್ವತಂತ್ರ ಚಾಲಕನೇ, ದುಡ್ಡಿಗೆ ಅವನೂ ಪರದಾಡಿದವನೇ. 1961ರ ಮೇ ತಿಂಗಳಲ್ಲಿ, ಷಾರ್ಲಟ್‌ನ ವರ್ಲ್ಡ್ 600ಕ್ಕೆ ರೇ ಫಾಕ್ಸ್ ಎಂಬ ನಿಪುಣ ಮೆಕ್ಯಾನಿಕ್‌ಗೆ ಒಬ್ಬ ಚಾಲಕ ಬೇಕಾಗಿತ್ತು. ಪಿಯರ್ಸನ್‌ನನ್ನು ಕರೆದ. ಮೊದಲ ಸಲ ಒಳ್ಳೆಯ ಕಾರು ಕೈಗೆ ಸಿಕ್ಕಿತು, ಗೆದ್ದೇಬಿಟ್ಟ. ಆ ವರ್ಷ ಇನ್ನೆರಡು ದೊಡ್ಡ ರೇಸ್ ಗೆದ್ದ. ನಿವೃತ್ತಿಯ ಹೊತ್ತಿಗೆ 105 ಗೆಲುವು, ಮೂರು ಚಾಂಪಿಯನ್‌ಷಿಪ್. ಪಿಯರ್ಸನ್ ಅಪ್ರತಿಮ ಚಾಲಕ, ಅದರಲ್ಲಿ ಎರಡು ಮಾತಿಲ್ಲ. ಸ್ಕಾಟ್‌ಗೂ ಅವಕಾಶ ಸಿಕ್ಕಿದ್ದರೆ 105 ಗೆಲ್ಲುತ್ತಿದ್ದ ಎಂದು ನಾನು ಹೇಳುವುದಿಲ್ಲ. ವಯಸ್ಸೂ ಹದಿಮೂರು ವರ್ಷ ಹೆಚ್ಚಾಗಿತ್ತು. ಹೇಳುವುದು ಇಷ್ಟೆ: ಬಡ ಬಿಳಿಯ ಚಾಲಕನ ಮನೆಯ ಫೋನು ಯಾವತ್ತಾದರೂ ರಿಂಗ್ ಆಗಬಹುದಿತ್ತು. ಮಕ್‌ಡಫಿಗೂ ಆ ಆಸೆಗೆ ಆಧಾರವಿತ್ತು. ಸ್ಕಾಟ್‌ಗೆ ಇರಲಿಲ್ಲ. ದಕ್ಷಿಣದಲ್ಲಿ ಕಾರು ಮಾರಬೇಕಾದ ಕಂಪನಿ ತನ್ನ ಜಾಹೀರಾತಿಗೆ ಕಪ್ಪು ಮುಖ ಹಾಕಲು ತಯಾರಿರಲಿಲ್ಲ. ಡಾರ್ಲಿಂಗ್ಟನ್‌ನಂಥ ಪ್ರತಿಷ್ಠಿತ ಟ್ರ್ಯಾಕು ಅವನಿಗೆ ವರ್ಷಗಳ ಕಾಲ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಎಲ್ಲ ರೇಸಿನಲ್ಲಿ ಇರುತ್ತಾನೆ ಎಂಬ ಭರವಸೆಯೇ ಇಲ್ಲದ ಚಾಲಕನಿಗೆ ದುಡ್ಡು ಹಾಕುವವರು ಯಾರು?

ಜಾಕ್ಸನ್‌ವಿಲ್‌ನ ಆ ಎರಡು ತಾಸುಗಳ ಬೆಲೆ ಈಗ ಗೊತ್ತಾಗುತ್ತದೆ. ವಿಕ್ಟರಿ ಲೇನಿನ ಫೋಟೋ ಪತ್ರಿಕೆಯಲ್ಲಿ ಬರುವುದು, ಟೈರು ಕಂಪನಿಯವನು ಮಾತಾಡಿಸುವುದು, ಊರಿನ ಡೀಲರ್ ಬಾಗಿಲ ಮೇಲೆ ಹೆಸರು ಬರೆಸುವುದು, ಇವೆಲ್ಲ ಒಂದಕ್ಕೊಂದು ಹೆಣೆದ ಸಂಗತಿಗಳು. ಗೆಲುವು ದಾಖಲೆಪುಸ್ತಕದಲ್ಲಿ ಅವನ ಹೆಸರಲ್ಲೇ ಇದೆ. ದಾಖಲೆಪುಸ್ತಕ ನೋಡಿ ಯಾರೂ ಇಂಜಿನ್ ಕೊಡುವುದಿಲ್ಲ.

ಬಿಲ್ ಫ್ರಾನ್ಸ್ ಬಗ್ಗೆ ಒಂದು ಬಣ್ಣದಲ್ಲಿ ಬರೆಯಲಾಗದು. 1950ರ ದಶಕದಲ್ಲಿ ಒಮ್ಮೆ ಸ್ಥಳೀಯ ಆಯೋಜಕ ಬಿಳಿಯರಿಗೆ ಮಾತ್ರ ಪೆಟ್ರೋಲ್ ಖರ್ಚು ಕೊಟ್ಟಾಗ ಫ್ರಾನ್ಸ್ ತನ್ನ ಜೇಬಿನಿಂದ ಸ್ಕಾಟ್‌ಗೆ ದುಡ್ಡು ತೆಗೆದುಕೊಟ್ಟು, ಇನ್ನು ಮುಂದೆ ಭೇದ ಆಗದು ಎಂದು ಮಾತು ಕೊಟ್ಟದ್ದುಂಟು. ಅದೇ ಫ್ರಾನ್ಸ್ 1961ರಲ್ಲಿ ಚಾಲಕರ ಯೂನಿಯನ್ ಕಟ್ಟಲು ಹೊರಟ ಕರ್ಟಿಸ್ ಟರ್ನರ್‌ನನ್ನು ಆಜೀವ ನಿಷೇಧಿಸಿದ. ಪ್ರತ್ಯೇಕತೆ ಎಂದೆಂದಿಗೂ ಇರಲಿ ಎಂದು ಪ್ರಮಾಣವಚನದ ದಿನವೇ ಭಾಷಣ ಬಿಗಿದ ಅಲಬಾಮಾ ಗವರ್ನರ್ ಜಾರ್ಜ್ ವಾಲೇಸ್ ಸಹಾಯದಿಂದ ಟ್ಯಾಲಡೆಗಾ ಟ್ರ್ಯಾಕು ಕಟ್ಟಿದ, 1972ರಲ್ಲಿ ಆತನ ಅಧ್ಯಕ್ಷೀಯ ಪ್ರಚಾರಕ್ಕೆ ಫ್ಲೋರಿಡಾದಲ್ಲಿ ಹೆಗಲು ಕೊಟ್ಟ. (ಬಬ್ಬಾ ವಾಲೇಸ್ ಕೂಡ ಅಲಬಾಮಾದಲ್ಲೇ ಹುಟ್ಟಿದವನು. ಹೆಸರಿನ ಈ ಕಾಕತಾಳೀಯಕ್ಕೆ ನಗಬೇಕೋ ಏನೋ.) ಯಾರು ಓಡಬೇಕು, ಯಾರು ಹೊರಗಿರಬೇಕು ಎಂಬುದು ಒಬ್ಬನ ಮರ್ಜಿ. ಆ ಮರ್ಜಿ ಒಮ್ಮೊಮ್ಮೆ ಸ್ಕಾಟ್ ಪರವಾಗಿಯೂ ಇತ್ತು, ಅಷ್ಟೆ.

ಕೊನೆ ಬಂದದ್ದೂ ಟ್ಯಾಲಡೆಗಾದಲ್ಲೇ. ಎಂದಾದರೂ ಸರಿಸಮ ಕಾರಿನಲ್ಲಿ ಓಡಿಸಬೇಕೆಂದು ಸ್ಕಾಟ್ ಸಾಲ ಮಾಡಿ ಒಂದು ಮರ್ಕ್ಯುರಿ ಕಾರು ಕೊಂಡಿದ್ದ. 1973ರ ಮೇ 6ರಂದು ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಕಾರಿನ ಇಂಜಿನ್ ಒಡೆದು, ಇಪ್ಪತ್ತರಷ್ಟು ಕಾರುಗಳು ಒಂದಕ್ಕೊಂದು ಅಪ್ಪಳಿಸಿದವು. ಸ್ಕಾಟ್‌ಗೆ ಸೊಂಟದ ಮೂಳೆ, ಪಕ್ಕೆಲುಬು ಮುರಿಯಿತು. ಮರ್ಕ್ಯುರಿ ಗುಜರಿಗೆ, ಸಾಲ ತಲೆಗೆ. ಅಕ್ಟೋಬರಿನಲ್ಲಿ ಷಾರ್ಲಟ್‌ನಲ್ಲಿ ಕೊನೆಯ ಬಾರಿ ಓಡಿಸಿ ಹನ್ನೆರಡನೆಯವನಾಗಿ ಮುಗಿಸಿದ, ಡ್ಯಾನ್‌ವಿಲ್ ಗ್ಯಾರೇಜಿಗೆ ಮರಳಿದ. 1977ರಲ್ಲಿ ಹಾಲಿವುಡ್ ಅವನ ಬದುಕನ್ನು ಸಿನಿಮಾ ಮಾಡಿತು, ಅವನ ಪಾತ್ರಕ್ಕೆ ನಟ ರಿಚರ್ಡ್ ಪ್ರಯರ್. 1990ರ ಡಿಸೆಂಬರ್ 23ರಂದು ಕ್ಯಾನ್ಸರ್‌ನಿಂದ ತೀರಿಕೊಂಡ.

ಮರ್ಯಾದೆಗಳು ಆಮೇಲೆ ಒಂದೊಂದಾಗಿ ಬಂದವು. 2015ರಲ್ಲಿ ನ್ಯಾಸ್ಕಾರ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ವ್ಯಕ್ತಿಯಾದ. 2020ರ ಜೂನ್ 10ರಂದು, ಡ್ಯಾನ್‌ವಿಲ್ ಲಾಠಿಚಾರ್ಜಿನ ದಿನಾಂಕವೇ ಅದು, ನ್ಯಾಸ್ಕಾರ್ ತನ್ನ ಮೈದಾನಗಳಲ್ಲಿ ಕಾನ್ಫೆಡರೇಟ್ ಬಾವುಟ, ಅಂದರೆ ಅಂತರ್ಯುದ್ಧದಲ್ಲಿ ದಕ್ಷಿಣದವರು ಹಿಡಿದ ಬಾವುಟ, ನಿಷೇಧಿಸಿತು. ಮುಂದಿನ ವರ್ಷ ಟ್ರೋಫಿ. ಅದಾದ ಐದೇ ವಾರಕ್ಕೆ ಟ್ಯಾಲಡೆಗಾದಲ್ಲಿ ಬಬ್ಬಾ ವಾಲೇಸ್‌ನ ಮೊದಲ ಕಪ್ ಗೆಲುವು (ಹಿಂದಿನ ಗ್ರ್ಯಾಂಡ್ ನ್ಯಾಷನಲ್ ಸರಣಿಗೇ ಈಗ ಕಪ್ ಎಂದು ಹೆಸರು).

ವಾಲೇಸ್ ಆ ದಿನ ಓಡಿಸಿದ ಕಾರಿನ ಒಡೆಯ ಬ್ಯಾಸ್ಕೆಟ್‌ಬಾಲ್ ದೊರೆ ಮೈಕೆಲ್ ಜೋರ್ಡನ್. ಪೂರ್ಣಾವಧಿ ಕಪ್ ತಂಡವೊಂದಕ್ಕೆ ಕಪ್ಪು ಜನಾಂಗದ ಪ್ರಧಾನ ಒಡೆಯನೊಬ್ಬ ಬಂದದ್ದು ಸ್ಕಾಟ್ ನಂತರ ಜೋರ್ಡನ್ ಕಾಲದಲ್ಲೇ. ಸ್ಕಾಟ್ ಚಾಲಕನಷ್ಟೇ ಅಲ್ಲ, ಒಡೆಯನೂ ಆಗಿದ್ದ ಎಂಬುದನ್ನು ನಾವು ಮರೆಯುತ್ತೇವೆ. ಒಡೆತನದ ಪ್ರಶ್ನೆ ಈಚೆಗೆ ಕೋರ್ಟಿನವರೆಗೂ ಹೋಗಿತ್ತು. 2016ರಿಂದ ನ್ಯಾಸ್ಕಾರ್ 36 ಚಾರ್ಟರ್‌ಗಳನ್ನು ಹಂಚಿದೆ. ಚಾರ್ಟರ್ ಇದ್ದರೆ ಪ್ರತಿ ರೇಸಿನಲ್ಲೂ ಜಾಗ ಖಾತ್ರಿ, ಆದಾಯದಲ್ಲಿ ದೊಡ್ಡ ಪಾಲು. ಇಲ್ಲದವರಿಗೆ ಉಳಿಯುವುದು ನಾಲ್ಕೇ ಜಾಗ. ಈ ಚಾರ್ಟರ್‌ಗಳು ನ್ಯಾಸ್ಕಾರ್ ಮರ್ಜಿಗೆ ಬಿಟ್ಟವು, ಇದು ಏಕಸ್ವಾಮ್ಯ ಎಂದು ಜೋರ್ಡನ್ ತಂಡ 2024ರಲ್ಲಿ ಇನ್ನೊಂದು ತಂಡದ ಜತೆ ಸೇರಿ ದಾವೆ ಹೂಡಿತು. ಪ್ರತಿವಾದಿಗಳಲ್ಲೊಬ್ಬ ಬಿಲ್ ಫ್ರಾನ್ಸ್‌ನ ಮಗ ಜಿಮ್ ಫ್ರಾನ್ಸ್. ಜೊತೆಗೂಡಿದ ಆ ಇನ್ನೊಂದು ತಂಡ ಫ್ರಂಟ್ ರೋ, ಅದರ ಒಂದು ಕಾರಿನ ಸಂಖ್ಯೆ ಸ್ಕಾಟ್ ಕಾರಿನದೇ, 34. 2025ರ ಡಿಸೆಂಬರಿನಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ರಾಜಿಯಾಯಿತು, ಚಾರ್ಟರ್‌ಗಳನ್ನು ಶಾಶ್ವತ ಮಾಡಲು ನ್ಯಾಸ್ಕಾರ್ ಒಪ್ಪಿತು.

ತಂಡಗಳಿಗೆ ಇದು ದೊಡ್ಡ ಜಯ. 1961ರಲ್ಲಿ ಟರ್ನರ್ ಕೈಯಲ್ಲಿ ಆಗದ್ದನ್ನು, ಫ್ರಾನ್ಸ್ ಕುಟುಂಬದ ಹಿಡಿತ ಒಂದಿಷ್ಟು ಸಡಿಲಿಸುವುದನ್ನು, ಜೋರ್ಡನ್ ಮಾಡಿ ತೋರಿಸಿದ. ಆದರೆ ಜೋರ್ಡನ್ ತಂಡ ತನ್ನ ಮೂರನೇ ಚಾರ್ಟರ್ ಕೊಂಡದ್ದು 2.8 ಕೋಟಿ ಡಾಲರಿಗೆ, ಅದೂ ಅದು ಶಾಶ್ವತ ಎಂಬ ಖಾತ್ರಿ ಇಲ್ಲದಿದ್ದಾಗ. ಇನ್ನು ಮೇಲೆ ಆ ಬೆಲೆ ಇಳಿಯಲು ಕಾರಣವಿಲ್ಲ. ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹಳೆಯ ಕಾರು ರಿಪೇರಿ ಮಾಡಿ, ಮಕ್ಕಳನ್ನು ಪಿಟ್ಟಿಗೆ ನಿಲ್ಲಿಸಿ, ವರ್ಷದ ಪಟ್ಟಿಯಲ್ಲಿ ಆರನೆಯವನಾಗಿ ಮುಗಿಸುವ ದಾರಿ 1966ರಲ್ಲಿ ಒಬ್ಬ ಕಪ್ಪು ಮೆಕ್ಯಾನಿಕ್‌ಗೆ ತೀರ ಇಕ್ಕಟ್ಟಾಗಿಯಾದರೂ ತೆರೆದಿತ್ತು. ಈಗ ಆ ದಾರಿ ಯಾವ ಬಣ್ಣದವನಿಗೂ ಇಲ್ಲ.